ಕಾಶಿಯ ಕಾಯಿಲೆಗೆ ಪಬ್‌ಮೆಡ್ ಸಾಕೇ

ಹೋಳಿ ಮುಗಿದಿತ್ತು, ಕಾಶಿಯ ಲಂಕಾ ಬಡಾವಣೆಯ ರಸ್ತೆಯ ಮೇಲಿನ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ವೈದ್ಯಕೀಯ ಗ್ರಂಥಾಲಯದ ನನ್ನ ಕೋಣೆಗೆ ಸರ್ಜನ್ ಬಂದವರೇ ಕುರ್ಚಿ ಎಳೆದುಕೊಂಡು ಕೂತು, ಎಷ್ಟು ಡೇಟಾಬೇಸ್ ನೋಡಿದರೆ ಸಾಕಾಗುತ್ತದೆ ಎಂದು ಕೇಳಿದರು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. ಅವರು ಮೈಸೂರು ಕಡೆಯವರು, ಇಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಂದು ಯೂನಿಟ್‌ನ ಮುಖ್ಯಸ್ಥರು. ನಾನು ದಾವಣಗೆರೆಯವಳು. ವೈದ್ಯರಿಗೆ ಬೇಕಾದ ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಊಟಕ್ಕೆ ಎಷ್ಟು ಜನ ಎಂದು ಹೇಳದೆ ಎಷ್ಟು ಅಕ್ಕಿ ಹಾಕಲಿ ಎಂದು ಕೇಳಿದರೆ ನಾನೇನು ಹೇಳಲಿ? ಮೊದಲು ನಿಮ್ಮ ಪ್ರಶ್ನೆ ಏನು ಹೇಳಿ ಎಂದೆ.

ಪ್ರಶ್ನೆ ಇದು. ಪಿತ್ತಕೋಶದಲ್ಲಿ ಕಲ್ಲು ಇದೆಯೆಂದು ಎಲ್ಲೋ ಜಿಲ್ಲಾ ಕೇಂದ್ರದ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ತೂರಿಸಿ, ಪಿತ್ತಕೋಶವನ್ನು ಹೊರಗೆಳೆದು ಬಿಡುತ್ತಾರೆ. ಈ ಕಡೆಯ ಜನ ಅದಕ್ಕೆ ದೂರ್‌ಬೀನ್ ಆಪರೇಷನ್ ಎನ್ನುತ್ತಾರೆ. ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸಿದಾಗ ಕೆಲವರ ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬರುತ್ತದೆ. ಆಗ ಅವರು ದೊಡ್ಡಾಸ್ಪತ್ರೆಗೆ ಓಡಿ ಬರುತ್ತಾರೆ. ಮತ್ತೆ ಹೊಟ್ಟೆ ತೆರೆದು, ಪಿತ್ತಕೋಶ ಅಂಟಿಕೊಂಡಿದ್ದ ಯಕೃತ್ತಿನ ಭಾಗವನ್ನೂ ಸುತ್ತಲಿನ ಗ್ರಂಥಿಗಳನ್ನೂ ತೆಗೆಯಬೇಕು. ಅಲ್ಲಿಯವರೆಗೆ ತಕರಾರಿಲ್ಲ. ಹಳೆಯ ಆ ನಾಲ್ಕು ತೂತುಗಳ ಜಾಗವನ್ನೂ ಚರ್ಮದಿಂದ ಒಳಪದರದವರೆಗೆ ಕೊರೆದು ತೆಗೆಯಬೇಕೇ ಬೇಡವೇ ಎಂಬುದು ತಕರಾರು. ಮೊದಲ ಆಪರೇಷನ್ನಿನಲ್ಲಿ ಕ್ಯಾನ್ಸರಿನ ಕಣಗಳು ಅಲ್ಲಿ ಸಿಕ್ಕಿಕೊಂಡಿರಬಹುದು ಎಂಬ ಭಯ. ಸರ್ಜನ್ ಅವರ ಗುರುಗಳ ಕಾಲದಿಂದ ಯೂನಿಟ್‌ನಲ್ಲಿ ನಾಲ್ಕನ್ನೂ ತೆಗೆಯುವುದೇ ನಿಯಮವಾಗಿತ್ತು. ಆದರೆ ಹಾಗೆ ಕೊರೆಸಿಕೊಂಡವರು ಕೆಲವರು ಆಮೇಲೆ ಹರ್ನಿಯಾ ಆಗಿ ವಾಪಸ್ ಬರುತ್ತಿದ್ದರು. ಗೋಡೆ ಸಡಿಲವಾಗಿ ಕರುಳು ಉಬ್ಬುತ್ತಿತ್ತು. ಕೊರೆದದ್ದರಿಂದ ಯಾರಿಗಾದರೂ ಉಪಕಾರ ಆಗಿದೆಯೇ ಎಂಬುದನ್ನು ಅವರು ಒಂದು ಸಿಸ್ಟಮ್ಯಾಟಿಕ್ ರಿವ್ಯೂ ಮಾಡಿ ತಿಳಿಯಬೇಕೆಂದಿದ್ದರು. ಅಂದರೆ ನಮಗೆ ಹಿಡಿಸಿದ ನಾಲ್ಕು ಪ್ರಬಂಧ ಆರಿಸಿಕೊಳ್ಳದೆ, ಆ ಪ್ರಶ್ನೆಯ ಮೇಲೆ ಬಂದದ್ದನ್ನೆಲ್ಲ ಮೊದಲೇ ಬರೆದಿಟ್ಟ ವಿಧಾನದಂತೆ ಹುಡುಕಿ, ಸೋಸಿ, ಒಟ್ಟಿಗಿಟ್ಟು ನೋಡುವುದು. ರಿವ್ಯೂ ಏನು ಹೇಳುತ್ತದೋ ಅದೇ ಇನ್ನು ಮೇಲೆ ಯೂನಿಟ್‌ನ ನಿಯಮ ಎಂದು ಅವರು ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ಹೇಳಿಯೂ ಬಿಟ್ಟಿದ್ದರು.

ಕೆಲಸಕ್ಕೆ ಜೊತೆಗಾರನಾಗಿ ಬಂದವನು ಅವರ ರೆಸಿಡೆಂಟ್, ಸರ್ಜರಿಯಲ್ಲಿ ಸ್ನಾತಕೋತ್ತರ ಓದುತ್ತಿದ್ದ, ಬಲಿಯಾ ಜಿಲ್ಲೆಯ ಡಾಕ್ಟರ್. ಅವನಿಗೆ ಹತ್ತು ಡೇಟಾಬೇಸ್ ಬೇಕಿತ್ತು. ಹೆಚ್ಚು ಹೆಸರು ಬರೆದಷ್ಟೂ ಪತ್ರಿಕೆಯವರು ಮೆಚ್ಚುತ್ತಾರೆ ಎಂಬುದು ಅವನ ಲೆಕ್ಕಾಚಾರ. ನನಗೆ ಅದನ್ನು ಕಂಡರೆ ಆಗದು. ಸಿಕ್ಕ ಸಿಕ್ಕ ದೇವರಿಗೆಲ್ಲ ಕೈ ಮುಗಿದ ಮಾತ್ರಕ್ಕೆ ಭಕ್ತಿ ಹೆಚ್ಚಾಗುವುದಿಲ್ಲ. ಒಂದೇ ಪ್ರಬಂಧ ಆರು ಕಡೆಯಿಂದ ಬಂದು ಬೀಳುತ್ತದೆ, ನಕಲು ತೆಗೆಯುವುದರಲ್ಲೇ ವಾರಗಳು ಹೋಗುತ್ತವೆ. ಅಲ್ಲದೆ ಸರ್ಜರಿಯ ರಿವ್ಯೂಗಳಲ್ಲಿ ಸರಿಯಾದ ಎರಡು ಮೂರು ಕಡೆ ಚೆನ್ನಾಗಿ ಹುಡುಕಿದರೆ ಮುಖ್ಯವಾದದ್ದು ಬಹುಪಾಲು ಸಿಕ್ಕಿಬಿಡುತ್ತದೆ ಎಂಬುದು ನನ್ನ ಅನುಭವವಾಗಿತ್ತು. ಎಲ್ಲರೂ ಮೊದಲು ನೋಡುವ, ವೈದ್ಯಕೀಯ ಪ್ರಬಂಧಗಳ ಉಚಿತ ಸೂಚಿಯಾದ ಪಬ್‌ಮೆಡ್ ಇರಲೇಬೇಕು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸುವ ಪ್ರಯೋಗಗಳಿಗೆಂದೇ ಇರುವ ಸೆಂಟ್ರಲ್ ಎಂಬ ಸಂಗ್ರಹವೂ ಇರಲಿ ಎಂದೆ. ಎಂಬೇಸ್ ಎಂಬ ಮತ್ತೊಂದು ದೊಡ್ಡ ಸಂಗ್ರಹಕ್ಕೆ ನಮ್ಮಲ್ಲಿ ಚಂದಾ ಇರಲಿಲ್ಲ, ಅದನ್ನು ಬಿಟ್ಟೆವು. ಉಳಿದವು ಬೇಡ ಎಂದು ನಾನೇ ಗೆರೆ ಎಳೆದೆ.

ಆಮೇಲೆ ಶಬ್ದಗಳ ಕೆಲಸ. ಆಪರೇಷನ್ ನಂತರ ಗೊತ್ತಾದ ಕ್ಯಾನ್ಸರಿಗೆ ಒಬ್ಬ 'ಆಕಸ್ಮಿಕ' ಎನ್ನುತ್ತಾನೆ, ಇನ್ನೊಬ್ಬ 'ಅನಿರೀಕ್ಷಿತ', ಮತ್ತೊಬ್ಬ 'ಅಡಗಿದ' ಎನ್ನುತ್ತಾನೆ. ತೂತಿಗೂ ಮೂರು ಹೆಸರು. ಒಂದೇ ಅರ್ಥದ ಶಬ್ದಗಳ ನಡುವೆ 'ಅಥವಾ', ಬೇರೆ ಬೇರೆ ವಿಚಾರಗಳ ನಡುವೆ 'ಮತ್ತು' ಹಾಕಿ, ಆವರಣ ಚಿಹ್ನೆಗಳಲ್ಲಿ ಕಟ್ಟಿ, ಒಂದು ಉದ್ದನೆಯ ಸಾಲು ತಯಾರಿಸಬೇಕು. ಒಂದು ಆವರಣ ಆಚೀಚೆ ಆದರೆ ಇಡೀ ಪ್ರಪಂಚದ ಪಿತ್ತಕೋಶಗಳೆಲ್ಲ ಬಂದು ತಲೆಯ ಮೇಲೆ ಬೀಳುತ್ತವೆ. ಎರಡು ಸಲ ಬಿದ್ದವು. ಮೂರನೆಯ ಸಲ ಸರಿಹೋಯಿತು.

ಸಾಲು ಸರಿಯಿದೆಯೇ ಎಂದು ಪರೀಕ್ಷಿಸುವ ಕ್ರಮವೊಂದಿದೆ. ಆ ವಿಷಯದಲ್ಲಿ ಇದು ಇರಲೇಬೇಕು ಎಂದು ಮೊದಲೇ ಗೊತ್ತಿರುವ ಕೆಲವು ಪ್ರಬಂಧಗಳನ್ನು ಪಕ್ಕಕ್ಕೆ ಇಟ್ಟುಕೊಂಡು, ನಮ್ಮ ಹುಡುಕಾಟ ಅವನ್ನು ಹಿಡಿಯುತ್ತದೋ ಇಲ್ಲವೋ ನೋಡುವುದು. ಸರ್ಜನ್ ತಮ್ಮ ಕಪಾಟಿನಿಂದ ಒಂದು ಕಟ್ಟು ತಂದುಕೊಟ್ಟರು. ಎಲ್ಲವೂ ಸಿಕ್ಕವು, ಒಂದೂ ತಪ್ಪಲಿಲ್ಲ. ರೆಸಿಡೆಂಟ್ ಖುಷಿಯಿಂದ ಲಂಕಾಕ್ಕೆ ಹೋಗಿ ಲಸ್ಸಿ ತಂದ. ನಾನೂ ಎರಡು ಮಣ್ಣಿನ ಕುಲ್ಹಡ್ ತುಂಬ ಕುಡಿದೆ. ಸೆಂಟ್ರಲ್‌ನಲ್ಲಿ ಏನೂ ಸಿಗಲಿಲ್ಲ, ಏಕೆಂದರೆ ಈ ಪ್ರಶ್ನೆಯ ಮೇಲೆ ಅಂಥ ಪ್ರಯೋಗವನ್ನು ಯಾರೂ ಮಾಡಿದಂತಿರಲಿಲ್ಲ. ಅಂದರೆ ನಮ್ಮ ಎರಡು ಡೇಟಾಬೇಸ್‌ಗಳಲ್ಲಿ ಉಳಿದದ್ದು ಒಂದೇ. ಅದು ಆಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಶೀರ್ಷಿಕೆ, ಸಾರಾಂಶ ಓದಿ ಸೋಸುವ ಕೆಲಸವನ್ನು ರೆಸಿಡೆಂಟ್ ಮತ್ತು ಸರ್ಜನ್ ಬೇರೆ ಬೇರೆಯಾಗಿ ಕೂತು ಮಾಡುತ್ತಿದ್ದರು. ಆ ಹೊತ್ತಿಗೇ ಅಕ್ಕನ ರಿಪೋರ್ಟ್ ಬಂತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ದಶಾಶ್ವಮೇಧ ಘಾಟಿನ ಹತ್ತಿರ ಕರ್ನಾಟಕದ ಯಾತ್ರಿಕರು ಇಳಿದುಕೊಳ್ಳುವ ಒಂದು ಛತ್ರವಿದೆ, ಅಲ್ಲಿ ಅಡುಗೆ ಮಾಡುವವರು. ಹಾವೇರಿ ಕಡೆಯ ಹಳ್ಳಿಯವರು. ಗಂಡ ಹೋದ ಮೇಲೆ ಒಂದು ಯಾತ್ರೆಯ ತಂಡದ ಜೊತೆ ಬಂದವರು ವಾಪಸ್ ಹೋಗಲೇ ಇಲ್ಲ. ಕಾಶಿಯಲ್ಲಿ ಸಾಯಬೇಕೆಂದು ಬಂದಿರಾ ಎಂದು ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬಸ್ಸು ತುಂಬ ಬಂದ ಜನರಿಗೆ ಒಬ್ಬರೇ ಬಡಿಸಿ ಕಳಿಸುವ ತೋಳು ಅವರದು. ಆ ಅಡುಗೆಮನೆಯೇ ಅವರ ಮನೆ, ಅದೇ ಅವರ ಮರ್ಯಾದೆ. ಭಾನುವಾರಗಳಲ್ಲಿ ನಾನು ಅಲ್ಲಿ ಹೋಗಿ ಉಣ್ಣುವುದು, ಅವರು ನನ್ನನ್ನು ಬೈಯುವುದು, ಇದು ಎಷ್ಟೋ ವರ್ಷಗಳ ಪದ್ಧತಿ. ಅವರೂ ಒಂದು ನರ್ಸಿಂಗ್ ಹೋಮಿನಲ್ಲಿ ಕಲ್ಲಿಗೆಂದು ದೂರ್‌ಬೀನ್ ಆಪರೇಷನ್ ಮಾಡಿಸಿಕೊಂಡಿದ್ದರು. ಆ ಕಾಗದವನ್ನು ನನ್ನ ಕೈಗೆ ಕೊಟ್ಟು ಏನು ಬರೆದಿದ್ದಾರೆ ನೋಡು ಎಂದರು. ನೋಡಿದೆ. ಕ್ಯಾನ್ಸರ್ ಎಂದಿತ್ತು.

ಮಾರನೆಯ ದಿನವೇ ಸರ್ಜನ್ ಹತ್ತಿರ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿಸಿದರು. ರೋಗ ಹರಡಿದಂತಿರಲಿಲ್ಲ, ಮತ್ತೆ ಆಪರೇಷನ್ ಮಾಡಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ ಎಂದರು. ತಾರೀಖು ಕೊಟ್ಟರು. ಅಕ್ಕನಿಗೆ ಕ್ಯಾನ್ಸರ್ ಎಂಬ ಮಾತಿಗಿಂತ ನಾಲ್ಕು ತೂತಿನ ಜಾಗ ಕೊರೆಯುವ ಮಾತೇ ಹೆಚ್ಚು ಚುಚ್ಚಿತು. ಛತ್ರದಲ್ಲಿ ಮೊದಲಿದ್ದ ಅಡುಗೆಯವನು ಹರ್ನಿಯಾ ಆಗಿ ಕೆಲಸ ಬಿಟ್ಟು ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

"ಒಂದು ದೊಡ್ಡ ಕೊಯ್ತ ಆಗಲಿ, ತಡಕೋತೀನಿ. ಅದರ ಮ್ಯಾಲೆ ನಾಕು ಕಡೆ ಬ್ಯಾರೆ ಕೊರದು ಟಾಂಕಾ ಹಾಕಿದ್ರ ನಾ ಆಮ್ಯಾಲೆ ಭಾಂಡೆ ಹೆಂಗ ಎತ್ತಲಿ ತಂಗಿ?"

ನಾನು ಧೈರ್ಯ ಹೇಳಿದೆ. ಆ ನಾಲ್ಕು ಬೇಕೋ ಬೇಡವೋ ಎಂಬುದನ್ನೇ ನಾವು ಹುಡುಕುತ್ತಿದ್ದೇವೆ, ನಿಮ್ಮ ಆಪರೇಷನ್ನಿಗೆ ಮೊದಲೇ ಗೊತ್ತಾಗುತ್ತದೆ ಎಂದೆ. ಆಗ ಅದು ನಿಜವೇ ಆಗಿತ್ತು. ಸೋಸಿದ ಮೇಲೆ ಉಳಿದ ಪ್ರಬಂಧಗಳ ಅಂಕಿಅಂಶ ತೆಗೆದು ಜೋಡಿಸಿದಾಗ, ಕೊರೆಸಿಕೊಂಡವರು ಕೊರೆಸಿಕೊಳ್ಳದವರಿಗಿಂತ ಹೆಚ್ಚು ದಿನ ಬದುಕಿದ್ದಾರೆ ಎನ್ನುವುದಕ್ಕೆ ಆಧಾರ ಕಾಣಲಿಲ್ಲ. ಸರ್ಜನ್ ಮುಖದಲ್ಲಿ ಅಷ್ಟು ನಿರಾಳವನ್ನು ನಾನು ಹಿಂದೆ ನೋಡಿರಲಿಲ್ಲ. ಗುರುಗಳ ನಿಯಮವನ್ನು ಮುರಿಯಲು ಅವರಿಗೆ ಒಂದು ಕಾರಣ ಬೇಕಿತ್ತು, ಸಿಕ್ಕಿತು. ಹೊಸ ನಿಯಮ ನಿಮ್ಮ ಅಕ್ಕನಿಂದಲೇ ಶುರುವಾಗಲಿ, ಬರವಣಿಗೆ ಮುಗಿಸಿಕೊಡಿ ಎಂದರು. ನಾನು ಆಟೊ ಹಿಡಿದು ಗೊದೌಲಿಯಾಕ್ಕೆ ಹೋಗಿ, ಅಲ್ಲಿಂದ ಗಲ್ಲಿಯಲ್ಲಿ ಓಡುನಡಿಗೆಯಲ್ಲಿ ಛತ್ರಕ್ಕೆ ಹೋಗಿ ಅಕ್ಕನಿಗೆ ಹೇಳಿದೆ. ಅವರು ನನ್ನ ಕೆನ್ನೆ ಸವರಿ ನೆಟಿಗೆ ತೆಗೆದರು.

ವಿಧಾನದ ಭಾಗ ಬರೆಯುವುದು ನನ್ನ ಪಾಲು. ಎಲ್ಲಿ ಹುಡುಕಿದೆವು, ಹೇಗೆ ಹುಡುಕಿದೆವು, ಹುಡುಕಾಟವನ್ನು ಹೇಗೆ ಪರೀಕ್ಷಿಸಿದೆವು. ಪರೀಕ್ಷೆಯ ಬಗ್ಗೆ ಒಂದು ವಾಕ್ಯ ಬರೆಯುವಾಗ ಒಂದು ಸಣ್ಣ ವಿವರ ಬೇಕಾಯಿತು: ಮೊದಲೇ ಗೊತ್ತಿದ್ದ ಆ ಕಟ್ಟಿನ ಪ್ರಬಂಧಗಳು ಎಲ್ಲಿಂದ ಬಂದವು? ಸರ್ಜನ್ ಸಮ್ಮೇಳನಗಳಲ್ಲಿ ಕಲೆಹಾಕಿದ್ದಿರಬೇಕು ಎಂದುಕೊಂಡು, ಖಚಿತ ಮಾಡಿಕೊಳ್ಳೋಣವೆಂದು ರೆಸಿಡೆಂಟ್‌ಗೆ ಫೋನ್ ಮಾಡಿದೆ. ಅವನು ವಾರ್ಡಿನಲ್ಲಿದ್ದ. ಇದರಲ್ಲೇನಿದೆ ಎಂಬಂತೆ ಹಿಂದಿಯಲ್ಲಿ ಹೇಳಿದ: ಅವೆಲ್ಲ ಪಬ್‌ಮೆಡ್‌ನವೇ ಮೇಡಂ, ನಾವು ರೆಸಿಡೆಂಟ್‌ಗಳು ವರ್ಷವರ್ಷ ತೆಗೆದು ಸರ್‌ಗೆ ಪ್ರಿಂಟ್ ಕೊಟ್ಟದ್ದು.

ಫೋನ್ ಇಟ್ಟು ಹಣೆ ಚಚ್ಚಿಕೊಂಡೆ. ಪಬ್‌ಮೆಡ್ ಕೊಟ್ಟ ಪ್ರಬಂಧಗಳನ್ನು ಹಿಡಿದುಕೊಂಡು ಪಬ್‌ಮೆಡ್ ಅವನ್ನು ಹಿಡಿಯುತ್ತದೆಯೇ ಎಂದು ಪರೀಕ್ಷೆ ಮಾಡಿ, ಪಾಸಾಯಿತೆಂದು ಲಸ್ಸಿ ಕುಡಿದಿದ್ದೆವು. ನಮ್ಮ ಚಪ್ಪಲಿಯನ್ನು ನಾವೇ ಬಾಗಿಲ ಹೊರಗೆ ಬಿಟ್ಟು, ಆಮೇಲೆ ಅದು ಸಿಕ್ಕಿತು ಎಂದು ಸಂಭ್ರಮಿಸಿದ ಹಾಗೆ. ಆ ಪರೀಕ್ಷೆ ನಮ್ಮ ಶಬ್ದಗಳು ಸರಿಯಿವೆ ಎಂದಷ್ಟೇ ಹೇಳಿತ್ತು. ಪಬ್‌ಮೆಡ್ಡಿನ ಹೊರಗೆ ಏನಿದೆ ಎಂಬುದರ ಬಗ್ಗೆ ಒಂದಕ್ಷರವನ್ನೂ ಹೇಳಿರಲಿಲ್ಲ.

ಬೇರೆ ವಿಷಯವಾಗಿದ್ದರೆ ನಾನು ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಆದರೆ ಈ ರೋಗ ಎಲ್ಲ ಕಡೆ ಒಂದೇ ಸಮನೆ ಇಲ್ಲ. ಗಂಗೆಯ ಬಯಲಿನಲ್ಲಿ ಹೆಚ್ಚು, ದಕ್ಷಿಣ ಅಮೆರಿಕದ ಚಿಲಿ ಕಡೆ ಹೆಚ್ಚು, ಜಪಾನ್ ಕೊರಿಯಾಗಳಲ್ಲಿ ಇದೆ. ಅಮೆರಿಕದ, ಯುರೋಪಿನ ಸರ್ಜನ್ ಅಪರೂಪಕ್ಕೆ ನೋಡುವ ರೋಗಿಯನ್ನು ನಮ್ಮ ಸರ್ಜನ್ ವಾರ ವಾರ ನೋಡುತ್ತಾರೆ. ಹಾಗಾದರೆ ಅನುಭವ ಇರುವವರು ಎಲ್ಲಿ ಬರೆಯುತ್ತಾರೆ? ಸ್ಪ್ಯಾನಿಷ್ ಪತ್ರಿಕೆಗಳಲ್ಲಿ, ನಮ್ಮ ಪ್ರಾಂತೀಯ ಸಂಘಗಳ ಪತ್ರಿಕೆಗಳಲ್ಲಿ, ಸಮ್ಮೇಳನದ ಸಾರಾಂಶಗಳಲ್ಲಿ. ಇವೆಲ್ಲ ಪಬ್‌ಮೆಡ್ಡಿಗೆ ಬಂದೇ ಬರುತ್ತವೆ ಎನ್ನುವಂತಿಲ್ಲ. ಡೇಟಾಬೇಸ್ ಎಷ್ಟು ಎಂದು ಕೇಳಿದ್ದ ಸರ್ಜನ್‌ಗೆ ಪಾಠ ಹೇಳಿದ್ದ ನಾನು, ರೋಗಿಗಳು ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಇಷ್ಟು ಗೊತ್ತಾದ ಮೇಲೆ ಹೋಗಿ ಹೇಳುವುದು ಸುಲಭ ಎನಿಸಬಹುದು. ಸುಲಭವಿರಲಿಲ್ಲ. ಹೇಳಿದರೆ ಹುಡುಕಾಟ ಮತ್ತೆ ತೆರೆಯಬೇಕು, ತಿಂಗಳುಗಳು ಬೇಕು. ರಿವ್ಯೂ ಮುಗಿಯುವ ತನಕ ಹಳೆಯ ನಿಯಮವೇ ನಡೆಯುತ್ತದೆ. ಅಕ್ಕನ ತಾರೀಖು ಅದಕ್ಕೆ ಕಾಯುವುದಿಲ್ಲ, ಕಾಯಲೂಬಾರದು. ಸುಮ್ಮನಿದ್ದರೆ ಅಕ್ಕ ಆ ನಾಲ್ಕು ಕೊರೆತದಿಂದ ಪಾರಾಗುತ್ತಾರೆ. ಬಹುಶಃ ನಮ್ಮ ಉತ್ತರವೂ ಸರಿಯೇ ಇದ್ದೀತು. ಆ ಸಂಜೆ ಮನೆಗೆ ಹೋಗದೆ ಅಸ್ಸಿ ಘಾಟಿನಲ್ಲಿ ಚಹಾ ಕುಡಿಯುತ್ತ ಕೂತೆ. ಪಕ್ಕದಲ್ಲಿ ವಿದ್ಯಾರ್ಥಿಗಳು ರಾಜಕೀಯ ಜಗಳ ಆಡುತ್ತಿದ್ದರು, ನನಗೆ ಯಾವುದೂ ಕಿವಿಗೆ ಬೀಳಲಿಲ್ಲ. ಬಾಯಿ ಮುಚ್ಚಿಕೊಂಡಿರು ಎಂದು ಮನಸ್ಸು ಹೇಳುತ್ತಿತ್ತು, ಮುಚ್ಚಿಟ್ಟರೆ ಈ ಕೆಲಸವನ್ನು ನಾನು ಮಾಡುವುದಾದರೂ ಯಾಕೆ ಎಂದೂ ಅದೇ ಮನಸ್ಸು ಕೇಳುತ್ತಿತ್ತು. ಬಿಟ್ಟುಹೋದ ಪ್ರಬಂಧಗಳಲ್ಲಿ ಕೊರೆಸಿಕೊಳ್ಳದವರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದೆ ಎಂದಿದ್ದರೆ? ಆಗ ಅಕ್ಕನನ್ನು ಪಾರು ಮಾಡಿದ್ದೇನೆ ಎಂದುಕೊಂಡು ನಾನೇ ಕೊಂದ ಹಾಗಾಗುತ್ತದೆ. ಈ ಯೋಚನೆ ಬಂದ ಮೇಲೆ ಚಹಾ ಅಲ್ಲೇ ಬಿಟ್ಟು ಎದ್ದೆ.

ಬೆಳಿಗ್ಗೆ ಸರ್ಜನ್ ಓಪಿಡಿಗೆ ಹೊರಡುವ ಮೊದಲೇ ಹಿಡಿದು ಎಲ್ಲ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಅವರಿಗೆ ವಿಷಯ ಬೇಗ ಅರ್ಥವಾಯಿತು, ಅದಕ್ಕೇ ಮುಖ ಸಪ್ಪಗಾಯಿತು. ಹುಡುಕಾಟ ತೆರೆಯಿರಿ, ವಿಧಾನ ಬದಲಾಯಿಸಿದ್ದನ್ನೂ ಕಾರಣವನ್ನೂ ಬರೆದಿಡಿ ಎಂದರು. ಅಲ್ಲಿಯವರೆಗೆ ಯೂನಿಟ್‌ನಲ್ಲಿ ಮೊದಲಿನಂತೆ ನಾಲ್ಕನ್ನೂ ತೆಗೆಯುವುದು.

ಆಗ ನಾನು ಕೇಳಬಾರದ್ದನ್ನು ಕೇಳಿದೆ. ಅಕ್ಕನಿಗೆ ಮಾತ್ರ ಬಿಟ್ಟುಬಿಡಬಹುದಲ್ಲ ಎಂದೆ.

"ನಿಮ್ಮ ಕಡೆಯವರು ಅಂತ ಕೇಳ್ತಿದ್ದೀರೋ, ಪುರಾವೆ ಇದೆ ಅಂತ ಕೇಳ್ತಿದ್ದೀರೋ ಮೇಡಂ?"

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಅವರ ಮಾತು ಸರಿಯಾಗಿದ್ದದ್ದಕ್ಕೆ. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಬಂದೆ.

ಸರ್ಜನ್ ಅಕ್ಕನನ್ನು ಕೂರಿಸಿಕೊಂಡು ಕನ್ನಡದಲ್ಲೇ ಎಲ್ಲ ತಿಳಿಸಿದರು. ಕೊರೆದರೆ ಇಂಥದ್ದಾಗಬಹುದು, ಬಿಟ್ಟರೆ ಇಂಥದ್ದಾಗಬಹುದು, ಯಾವುದು ಮೇಲು ಎಂದು ತಮಗಿನ್ನೂ ಖಚಿತವಿಲ್ಲ, ಬೇಡವೆಂದರೆ ಬಲವಂತವಿಲ್ಲ ಎಂದರು. ಅಕ್ಕ ನನ್ನ ಕಡೆ ನೋಡಿದರು. ಹಿಂದಿನ ವಾರ ಓಡಿ ಬಂದು ಸಂತೋಷದ ಸುದ್ದಿ ಹೇಳಿದವಳು ನಾನೇ. ನಾನು ತಲೆ ತಗ್ಗಿಸಿದೆ. ಎಲ್ಲರಿಗೂ ಹೆಂಗ ಮಾಡ್ತೀರೋ ಹಂಗ ಮಾಡ್ರಿ ಎಂದು ಅಕ್ಕ ಸಹಿ ಹಾಕಿದರು. ಆಪರೇಷನ್ ಚೆನ್ನಾಗಿ ಆಯಿತು. ಯಕೃತ್ತಿನ ತುಂಡು, ಗ್ರಂಥಿ, ನಾಲ್ಕು ಜಾಗ, ಎಲ್ಲ ಪರೀಕ್ಷೆಗೆ ಹೋಯಿತು. ಯಾವುದರಲ್ಲೂ ಕ್ಯಾನ್ಸರ್ ಉಳಿದಿರಲಿಲ್ಲ. ಆ ನಾಲ್ಕರಲ್ಲೂ ಇರಲಿಲ್ಲ.

ಇತ್ತ ನಾವು ಮೊದಲಿನಿಂದ ಶುರು ಮಾಡಿದೆವು. ಲ್ಯಾಟಿನ್ ಅಮೆರಿಕದ ಪತ್ರಿಕೆಗಳ ಸೂಚಿ ಉಚಿತವಾಗಿಯೇ ಇತ್ತು, ಆದರೆ ಅಲ್ಲಿ ನನ್ನ ಇಂಗ್ಲಿಷ್ ಸಾಲು ನಡೆಯುವುದಿಲ್ಲ, ಶಬ್ದಗಳನ್ನು ಸ್ಪ್ಯಾನಿಷ್, ಪೋರ್ಚುಗೀಸಿನಲ್ಲೂ ಕೊಡಬೇಕು. ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗದ ಒಬ್ಬ ಸಂಶೋಧಕಿ ಸಹಾಯಕ್ಕೆ ಬಂದಳು. ಎಂಬೇಸ್ ಇರುವ ಬೆಂಗಳೂರಿನ ಒಂದು ಸಂಸ್ಥೆಯ ಗ್ರಂಥಪಾಲಕರನ್ನು ಸಹಲೇಖಕರಾಗಿ ಸೇರಿಸಿಕೊಂಡು ಅವರಿಂದಲೇ ಹುಡುಕಿಸಿದೆವು. ಅಲ್ಲಿಂದ ಬಂದ ಹೊಸದರಲ್ಲಿ ಹೆಚ್ಚಿನದು ಸಮ್ಮೇಳನದ ಸಾರಾಂಶಗಳೇ, ಅರ್ಧಂಬರ್ಧ ಮಾಹಿತಿ. ಉಲ್ಲೇಖಗಳ ಜಾಡು ಹಿಡಿಯುವ ಇನ್ನೊಂದು ದೊಡ್ಡ ಸೂಚಿಗೆ ನಮ್ಮಲ್ಲೇ ಚಂದಾ ಇತ್ತು, ಅದನ್ನೂ ನೋಡಿದೆವು. ಯಾವ ಸೂಚಿಯಲ್ಲೂ ಇಲ್ಲದ ನಮ್ಮ ದೇಶದ ಪತ್ರಿಕೆಗಳ ಹಳೆಯ ಸಂಪುಟಗಳನ್ನು ಗ್ರಂಥಾಲಯದ ನೆಲಮಾಳಿಗೆಯಿಂದ ಹೊರಿಸಿ ತಂದು, ಬೇಸಗೆಯ ಬಿಸಿಗಾಳಿಯಲ್ಲಿ ಕರೆಂಟ್ ಹೋದಾಗಲೆಲ್ಲ ಅದೇ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ ಪುಟ ಪುಟ ತಿರುವಿದೆವು. ಈ ಸಲ ಪರೀಕ್ಷೆಯ ಕಟ್ಟನ್ನೂ ಬೇರೆ ಥರ ಮಾಡಿದೆ. ಹಿಂದಿನ ಪ್ರಬಂಧಗಳ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿಯಿಂದ ಆರಿಸಿ, ಯಾವ ಡೇಟಾಬೇಸ್ ಯಾವುದನ್ನು ಬಿಡುತ್ತದೆ ಎಂದು ಒಂದೊಂದಾಗಿ ನೋಡಿದೆ. ಪಬ್‌ಮೆಡ್ ಕೆಲವನ್ನು ಬಿಟ್ಟಿತ್ತು. ಬಿಟ್ಟವು ಬಹುಪಾಲು ಸ್ಪ್ಯಾನಿಷ್ ಮತ್ತು ನಮ್ಮವೇ.

ಒಂದು ಸ್ಪ್ಯಾನಿಷ್ ಪ್ರಬಂಧದ ಸಾರಾಂಶ ಮೊದಲು ಓದಿದಾಗ ನಮ್ಮ ಉತ್ತರಕ್ಕೆ ಪೂರ್ತಿ ಉಲ್ಟಾ ಇದ್ದಂತೆ ಕಂಡಿತು. ನಿಜ ಹೇಳುತ್ತೇನೆ, ಆ ದಿನ ನನಗೆ ಒಳಗೊಳಗೇ ಸಮಾಧಾನವಾಯಿತು. ಅಕ್ಕನನ್ನು ಕೊರೆಸಿದ್ದು ವ್ಯರ್ಥವಾಗಲಿಲ್ಲ ಎಂದುಕೊಂಡೆ. ಪೂರ್ತಿ ಅನುವಾದ ಬಂದಾಗ ಹಾಗಿರಲಿಲ್ಲ. ತೂತಿನ ಜಾಗದಲ್ಲಿ ಕ್ಯಾನ್ಸರ್ ಮರಳಿದವರಿಗೆ ಹೊಟ್ಟೆಯೊಳಗೂ ಹರಡಿತ್ತು, ಕೊರೆದಿದ್ದರೂ ಅವರಿಗೆ ಉಪಯೋಗವಾಗುತ್ತಿತ್ತು ಎನ್ನುವಂತಿರಲಿಲ್ಲ. ಎಲ್ಲವನ್ನೂ ಸೇರಿಸಿ ನೋಡಿದಾಗ ಉತ್ತರ ಮೊದಲಿನದೇ, ಆದರೆ ಈಗ ಅದಕ್ಕೆ ನಿಲ್ಲಲು ಕಾಲು ಬಂದಿತ್ತು: ಎಲ್ಲರಿಗೂ ನಾಲ್ಕನ್ನೂ ಕೊರೆಯುವ ಅಗತ್ಯವಿಲ್ಲ. ಸರ್ಜನ್ ನಿಯಮ ಬದಲಾಯಿಸಿದರು. ಆ ವಾರವೇ ಪಕ್ಕದ ಚಂದೌಲಿ ಜಿಲ್ಲೆಯ ಒಬ್ಬ ಹೆಂಗಸಿಗೆ ಕೊರೆಯದೆ ಆಪರೇಷನ್ ಮಾಡಿ, ಥಿಯೇಟರಿನಿಂದಲೇ ನನಗೆ ಫೋನ್ ಮಾಡಿ ತಿಳಿಸಿದರು. ನಾನು ಖುಷಿಪಡಬೇಕಿತ್ತು, ಆಗಲಿಲ್ಲ. ಅಷ್ಟರಲ್ಲಿ ಅಕ್ಕನ ಹೊಕ್ಕುಳ ಹತ್ತಿರ ಕೊರೆದ ಜಾಗದಲ್ಲಿ ಹರ್ನಿಯಾದ ಉಬ್ಬು ಕಾಣಿಸಿಕೊಂಡಿತ್ತು.

ಭಾನುವಾರ ಛತ್ರಕ್ಕೆ ಹೋದೆ. ಅಕ್ಕ ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ಸೊಪ್ಪು ಸೋಸುತ್ತಿದ್ದರು. ಒಲೆಯ ಮುಂದೆ ಬೇರೆ ಯಾರೋ ಇದ್ದರು. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ನಾನೇ ಹೇಳಿದೆ: ಹುಡುಕಾಟ ಮುಗಿಯಿತು, ಆ ನಾಲ್ಕು ಬೇಕಿರಲಿಲ್ಲ.

ಅಕ್ಕ ಸೊಪ್ಪಿನಿಂದ ಕಣ್ಣು ಎತ್ತಲಿಲ್ಲ. ನೀ ಮೊದಲ ಬಂದು ಹೇಳಿದ್ದು ಖರೇನ ಇತ್ತಲ್ಲ ಹಂಗಾದ್ರ ಎಂದರು. ಖರೇನೇ ಇತ್ತು, ಆದರೆ ಖರೆ ಎಂದು ಆಗ ನನಗೆ ಗೊತ್ತಿರಲಿಲ್ಲ ಎಂದೆ. ಹೇಳುವಾಗಲೇ ಅದು ಎಷ್ಟು ಒಣ ಮಾತು ಎಂದು ನನಗೇ ಅನ್ನಿಸಿತು.

"ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ರ ಆಗ್ತಿತ್ತಲ್ಲ ತಂಗಿ."

ಅಳು ಬಂತು, ತಡೆದುಕೊಂಡೆ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಇನ್ನೊಂದು ಸಲ ಹೀಗೇ ಬಂದರೂ ನಾನು ಇದನ್ನೇ ಮಾಡುತ್ತೇನೆ ಅಕ್ಕ ಎಂದೆ.

"ಮಾಡ್ತಿ," ಎಂದರು ಅಕ್ಕ. "ಹೊಟ್ಟಿ ನಿಂದಲ್ಲಲ್ಲ."

ಹೌದು ಅಕ್ಕ, ನನ್ನದಲ್ಲ ಎಂದೆ.